ಎ/ಜಿ ರೇಷಿಯೋ ಅಂದ್ರೆ ಏನು? ರಕ್ತದ ಪ್ರೋಟೀನ್ ಲೆಕ್ಕ

ಲಿವರ್ ಟೆಸ್ಟ್ ರಿಪೋರ್ಟ್‌ನಲ್ಲಿ ನಾಲ್ಕು ಸಾಲು ಒಟ್ಟಿಗೆ ಇರುತ್ತವೆ: ಟೋಟಲ್ ಪ್ರೋಟೀನ್, ಆಲ್ಬುಮಿನ್, ಗ್ಲಾಬ್ಯುಲಿನ್, ಎ/ಜಿ ರೇಷಿಯೋ. ಆಲ್ಬುಮಿನ್, ಗ್ಲಾಬ್ಯುಲಿನ್ ಎರಡೂ ರಕ್ತದ ಪ್ರೋಟೀನ್‌ಗಳೇ; ಆಲ್ಬುಮಿನ್ ಅನ್ನು ಗ್ಲಾಬ್ಯುಲಿನ್‌ನಿಂದ ಭಾಗಿಸಿದರೆ ಬರುವುದೇ ಎ/ಜಿ ರೇಷಿಯೋ. ಕಾಮಾಲೆ ಇದೆಯಾ ಅಂತ ಹೇಳುವ ಬಿಲಿರುಬಿನ್ ಸರಿ ಇದೆ ಅಂತ ಗೊತ್ತಾದ ಮೇಲೆ ಇವುಗಳ ಕಡೆ ಕಣ್ಣು ಹಾಯಿಸುವವರು ಕಡಿಮೆ. ನೋಡಿದರೂ ಟೋಟಲ್ ಒಂದನ್ನೇ ನೋಡುತ್ತಾರೆ. ಮೋಸ ಹೋಗುವುದೇ ಅಲ್ಲಿ.

ಮೊದಲು ಅಳೆಯುವುದು ಹೇಗೆ ನೋಡೋಣ. ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ಹಳದಿ ನೀರೇ ಸೀರಂ. ಅದಕ್ಕೆ ಮೈಲುತುತ್ತ, ಅಂದ್ರೆ ತಾಮ್ರದ ಸಲ್ಫೇಟ್ ಇರುವ ಕ್ಷಾರದ ದ್ರಾವಣ ಸೇರಿಸುತ್ತಾರೆ. ನೀಲಿ ಬಣ್ಣ ನೇರಳೆಗೆ ತಿರುಗುತ್ತದೆ. ಪ್ರೋಟೀನ್ ಜಾಸ್ತಿ ಇದ್ದಷ್ಟೂ ನೇರಳೆ ಗಾಢ. ಇದು ಬೈಯುರೆಟ್ ವಿಧಾನ. ಆಲ್ಬುಮಿನ್‌ಗೆ ಅಂಟಿಕೊಳ್ಳುವ ಬೇರೆ ಬಣ್ಣ ಬಳಸಿ ಅದನ್ನು ಪ್ರತ್ಯೇಕವಾಗಿ ಅಳೆಯುತ್ತಾರೆ. ಗ್ಲಾಬ್ಯುಲಿನ್ ಅನ್ನು ಸಾಮಾನ್ಯವಾಗಿ ಅಳೆಯುವುದೇ ಇಲ್ಲ! ಟೋಟಲ್‌ನಲ್ಲಿ ಆಲ್ಬುಮಿನ್ ಕಳೆದರೆ ಉಳಿದದ್ದು ಗ್ಲಾಬ್ಯುಲಿನ್, ಅಷ್ಟೇ.

ದೊಡ್ಡವರಲ್ಲಿ ಟೋಟಲ್ ಪ್ರೋಟೀನ್ ಡೆಸಿಲೀಟರ್‌ಗೆ (100 ಮಿ.ಲೀ.) ಸುಮಾರು 6ರಿಂದ 8.3 ಗ್ರಾಂ, ಆಲ್ಬುಮಿನ್ 3.5ರಿಂದ 5 ಗ್ರಾಂ ಇರಬೇಕು. ಎ/ಜಿ ರೇಷಿಯೋ 1ಕ್ಕಿಂತ ಮೇಲಿರುತ್ತದೆ. ಲ್ಯಾಬ್‌ನಿಂದ ಲ್ಯಾಬ್‌ಗೆ ಸ್ವಲ್ಪ ಹೆಚ್ಚುಕಮ್ಮಿ ಇರುತ್ತದೆ, ನಿಮ್ಮ ರಿಪೋರ್ಟ್‌ನಲ್ಲಿ ಅಚ್ಚಾಗಿರುವ ಮಿತಿಯನ್ನೇ ನೋಡಿ.

ಈಗ ಒಂದು ರಿಪೋರ್ಟ್ ಊಹಿಸಿಕೊಳ್ಳಿ. ಟೋಟಲ್ 7.4. ಸರಿಯಾಗೇ ಇದೆ ಅಲ್ವಾ? ಕೆಳಗಿನ ಸಾಲು ಓದಿ: ಆಲ್ಬುಮಿನ್ 2.8. ಹಾಗಾದರೆ ಗ್ಲಾಬ್ಯುಲಿನ್ 4.6, ರೇಷಿಯೋ ಬರೀ 0.6. ಒಂದು ತಗ್ಗಿದೆ, ಇನ್ನೊಂದು ಉಬ್ಬಿದೆ. ಎರಡೂ ಸೇರಿ ಟೋಟಲ್ ಅನ್ನು ಸಮ ಮಾಡಿಬಿಟ್ಟಿವೆ. ತುಂಬಾ ದಿನದಿಂದ ಲಿವರ್ ಹಾಳಾಗಿರುವವರಲ್ಲಿ ಹೀಗೆ ಕಾಣಿಸುವುದುಂಟು.

ಆಲ್ಬುಮಿನ್ ತಯಾರಾಗುವುದು ಲಿವರ್‌ನಲ್ಲಿ. ರಕ್ತನಾಳದೊಳಗೆ ನೀರನ್ನು ಹಿಡಿದಿಡುವುದು ಅದರ ಮುಖ್ಯ ಕೆಲಸ. ತುಂಬಾ ಇಳಿದರೆ ನೀರು ಹೊರಗೆ ಜಿನುಗಿ ಕಾಲು ಊದಿಕೊಳ್ಳುತ್ತದೆ, ಬೆರಳಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ನಿಲ್ಲುತ್ತದೆ. "ಪ್ರೋಟೀನ್ ಕಮ್ಮಿ, ಚೆನ್ನಾಗಿ ತಿನ್ನಿ" ಅನ್ನುವ ಸಲಹೆ ಆಗ ಸುಲಭವಾಗಿ ಸಿಗುತ್ತದೆ. ಊಟ ಸಾಲದಿರುವುದು ಒಂದು ಕಾರಣ ಮಾತ್ರ. ಲಿವರ್ ತಯಾರಿಸದೇ ಇರಬಹುದು. ಕಿಡ್ನಿ ಸೋರಿಸುತ್ತಿರಬಹುದು, ಆಗ ಮೂತ್ರದಲ್ಲಿ ನೊರೆ ಬಂದು ಬೇಗ ಆರುವುದಿಲ್ಲ. ಕರುಳಿನಲ್ಲಿ ಸೋರಬಹುದು. ಜೋರು ಸೋಂಕು, ಸುಟ್ಟ ಗಾಯ ಇದ್ದಾಗಲೂ ಇಳಿಯುತ್ತದೆ. ಗರ್ಭಿಣಿಯರಲ್ಲಿ ರಕ್ತದ ನೀರಿನಂಶ ಹೆಚ್ಚುವುದರಿಂದ ಸ್ವಲ್ಪ ಕಡಿಮೆಯಾಗುವುದು ಸಹಜ. ಆಲ್ಬುಮಿನ್ ಜಾಸ್ತಿ ಬಂದರೆ? ಬಹುಪಾಲು ಮೈಯಲ್ಲಿ ನೀರು ಕಮ್ಮಿಯಾಗಿದೆ ಅಂತಲೇ.

ಗ್ಲಾಬ್ಯುಲಿನ್ ಒಂದೇ ವಸ್ತುವಲ್ಲ, ಒಂದು ಗುಂಪು. ರೋಗದ ವಿರುದ್ಧ ಹೋರಾಡುವ ಆಂಟಿಬಾಡಿಗಳು ಇದರಲ್ಲೇ ಬರುತ್ತವೆ. ಹಾಗಾಗಿ ಬಹಳ ದಿನದ ಸೋಂಕು, ದೇಹ ತನ್ನ ಮೇಲೇ ತಿರುಗಿಬೀಳುವ ಆಟೊಇಮ್ಯೂನ್ ಕಾಯಿಲೆಗಳಲ್ಲಿ ಇದು ಏರುತ್ತದೆ. ಮೈಲೋಮಾ ಎಂಬ ಕ್ಯಾನ್ಸರ್‌ನಲ್ಲೂ ಏರಬಹುದು. ಯಾವುದು ಅಂತ ತಿಳಿಯಲು ಎಲೆಕ್ಟ್ರೋಫೊರೆಸಿಸ್ ಮಾಡಿಸುತ್ತಾರೆ: ವಿದ್ಯುತ್ ಹರಿಸಿ ಪ್ರೋಟೀನ್‌ಗಳನ್ನು ಬೇರೆಬೇರೆ ಪಟ್ಟಿಗಳಾಗಿ ಬಿಡಿಸುವ ವಿಧಾನ. ಈ ಕೆಲಸಕ್ಕಾಗಿ ಸ್ವೀಡನ್ನಿನ ಆರ್ನೆ ಟಿಸೇಲಿಯಸ್‌ಗೆ 1948ರಲ್ಲಿ ನೊಬೆಲ್ ಬಂತು. ಗ್ರಾಫ್‌ನಲ್ಲಿ ಆಂಟಿಬಾಡಿಗಳು ಕಾಣುವ ಗಾಮಾ ಭಾಗ ಅಗಲವಾದ ದಿಬ್ಬದಂತಿದ್ದರೆ ಹಲವು ಬಗೆಯ ಆಂಟಿಬಾಡಿ ಹೆಚ್ಚಿವೆ ಎಂದರ್ಥ. ಸೂಜಿಮೊನೆಯಂತೆ ಎದ್ದಿದ್ದರೆ ಒಂದೇ ಬಗೆಯದು ಅತಿಯಾಗಿ ಬೆಳೆದಿದೆ. ಡಾಕ್ಟರ್ ಆಗ ಮೈಲೋಮಾ ಕಡೆ ಯೋಚಿಸುತ್ತಾರೆ.

ರಕ್ತ ತೆಗೆಯುವ ರೀತಿಯೂ ಲೆಕ್ಕ ಕೆಡಿಸುತ್ತದೆ. ತೋಳಿನ ಪಟ್ಟಿ ಬಹಳ ಹೊತ್ತು ಬಿಗಿದಿಟ್ಟರೆ ಪ್ರೋಟೀನ್ ಸುಮ್ನೆ ಜಾಸ್ತಿ ತೋರಿಸುತ್ತದೆ. ಮಲಗಿ ಕೊಟ್ಟ ರಕ್ತಕ್ಕಿಂತ ನಿಂತು ಓಡಾಡಿದವರ ರಕ್ತದಲ್ಲಿ ತುಸು ಹೆಚ್ಚು. ಇನ್ನು ಚಿಕಿತ್ಸೆ ಶುರುವಾದ ಎರಡೇ ದಿನಕ್ಕೆ ಆಲ್ಬುಮಿನ್ ಏರಿತಾ ಅಂತ ಮತ್ತೆ ಟೆಸ್ಟ್ ಮಾಡಿಸಿದರೆ ಹೆಚ್ಚೇನೂ ತಿಳಿಯದು. ರಕ್ತದಲ್ಲಿರುವ ಆಲ್ಬುಮಿನ್ ಅರ್ಧದಷ್ಟು ಬದಲಾಗುವುದಕ್ಕೇ ಸುಮಾರು 20 ದಿನ ಬೇಕು.