ಡಿಸ್ಕೌಂಟ್ ಜಾಕೆಟ್: ಮೊದಲು ಒಳಮಗ್ಗುಲು ನೋಡಿ

ಓದುಗರ ಪ್ರಶ್ನೆ: ಕೆಲಸಕ್ಕೆಂದು ಚಳಿ ದೇಶವೊಂದಕ್ಕೆ ಬಂದು ಎರಡು ತಿಂಗಳಾಯಿತು. ನಡೆದಾಡಲು, ಬೆಟ್ಟ ಹತ್ತಲು ಬೆಚ್ಚನೆಯ ಬಟ್ಟೆ ಬೇಕು. ಈ ಶನಿವಾರ, ಭಾನುವಾರ ಔಟ್‌ಲೆಟ್ ಅಂಗಡಿಗಳಲ್ಲಿ ದೊಡ್ಡ ರಿಯಾಯಿತಿ ಇದೆ. ಅಗ್ಗದ ಜಾಕೆಟ್ ನಿಜಕ್ಕೂ ಒಳ್ಳೆಯದೋ ಅಲ್ಲವೋ ಅಂತ ಅಂಗಡಿಯಲ್ಲೇ ಗೊತ್ತು ಮಾಡಿಕೊಳ್ಳುವುದು ಹೇಗೆ?

ಉತ್ತರ: ಹ್ಯಾಂಗರಿನಿಂದ ತೆಗೆದ ಕೂಡಲೇ ಜಾಕೆಟನ್ನು ತಿರುವಿ ಹಾಕಿ. ಬಣ್ಣ, ಲೋಗೋ, ರಿಯಾಯಿತಿ ಚೀಟಿ ಎಲ್ಲಾ ಹೊರಗಡೆ ಇರುತ್ತವೆ. ಅದು ಮಳೆ ತಡೆಯುತ್ತದೋ ಇಲ್ಲವೋ ಅನ್ನುವುದು ತಿಳಿಯುವುದು ಒಳಗಡೆ ನೋಡಿದಾಗ. ಎಷ್ಟು ಬೆಲೆ ಇಳಿಸಿದ್ದಾರೆ ಎಂದು ಚೀಟಿ ಹೇಳುತ್ತದೆ, ನಿಮ್ಮ ಕೈಗೆ ಏನು ಬರುತ್ತಿದೆ ಎಂದು ಹೇಳುವುದಿಲ್ಲ.

ಮಳೆ ಜಾಕೆಟ್ಟಿನಿಂದ ಶುರು ಮಾಡೋಣ, ಜಾಸ್ತಿ ಜನ ಮೋಸ ಹೋಗುವುದು ಅದರಲ್ಲೇ. ಬಟ್ಟೆ ಎಷ್ಟೇ ಗಟ್ಟಿಯಾಗಿರಲಿ, ಹೊಲಿಗೆ ಹಾಕಿದ ಕಡೆಯೆಲ್ಲಾ ಸೂಜಿ ತೂತುಗಳ ಸಾಲು ಇರುತ್ತದೆ. ನೀರು ನುಗ್ಗುವುದು ಅಲ್ಲಿಂದಲೇ. ಅದಕ್ಕೇ ಒಳಗಡೆ ಹೊಲಿಗೆಯ ಮೇಲೆ ತೆಳ್ಳನೆಯ ಟೇಪ್ ಅಂಟಿಸಿರುತ್ತಾರೆ. ಎಲ್ಲಾ ಹೊಲಿಗೆಗೂ ಟೇಪ್ ಇದ್ದರೆ ‘ಫುಲ್ಲಿ ಟೇಪ್ಡ್’ ಅನ್ನುತ್ತಾರೆ. ‘ಕ್ರಿಟಿಕಲಿ ಟೇಪ್ಡ್’ ಅಂತ ಬರೆದಿದ್ದರೆ ಭುಜ, ಟೋಪಿಯಂಥ ಕೆಲವು ಕಡೆ ಮಾತ್ರ ಟೇಪ್ ಇದೆ ಎಂದರ್ಥ. ಕಂಕುಳ, ಜೇಬು, ಟೋಪಿ ಸೇರುವ ಜಾಗಗಳಲ್ಲಿ ಬೆರಳಾಡಿಸಿ ನೋಡಿ. ಟೇಪಿನ ಅಂಚು ಉಗುರಿಗೆ ಸಿಕ್ಕಿ ಮೇಲೇಳುತ್ತಿದ್ದರೆ ಆ ಜಾಕೆಟ್ ಬಿಟ್ಟುಬಿಡಿ.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಅಗ್ಗದ ಮಳೆ ಜಾಕೆಟ್‌ಗಳ ಒಳಗೆ ಸಾಮಾನ್ಯವಾಗಿ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ಕಿನ ಲೇಪ ಇರುತ್ತದೆ. ಗಾಳಿಯ ತೇವಕ್ಕೆ ಈ ಲೇಪ ವರ್ಷಗಳಲ್ಲಿ ನಿಧಾನವಾಗಿ ಕೆಡುತ್ತದೆ. ಹಾಕಿಕೊಳ್ಳದೆ ಮಡಚಿಟ್ಟಿದ್ದರೂ ಕೆಡುತ್ತದೆ. ರಿಯಾಯಿತಿಯಲ್ಲಿ ಬರುವುದು ಎಷ್ಟೋ ಸಲ ಹಳೇ ಸ್ಟಾಕ್ ಅಲ್ವಾ? ಒಳಗೆ ಕೈಯಾಡಿಸಿದಾಗ ಅಂಟಂಟಾದರೆ, ಹುಳಿ ವಾಸನೆ ಬಂದರೆ, ಸಣ್ಣ ಸಣ್ಣ ಹಕ್ಕಳೆ ಉದುರಿದರೆ ಅದರ ಆಯುಷ್ಯ ಮುಗಿಯಿತು ಅಂತಲೇ ತಿಳಿಯಿರಿ.

ಚೀಟಿಯಲ್ಲಿ 10,000 ಮಿಮೀ, 20,000 ಮಿಮೀ ಎಂಬ ಅಂಕಿ ಕಾಣುತ್ತದೆ. ಬಟ್ಟೆಯ ಮೇಲೆ ಎಷ್ಟು ಎತ್ತರದ ನೀರಿನ ಕಂಬ ನಿಂತರೆ ಹನಿ ಒಳಗೆ ಜಿನುಗುತ್ತದೆ ಅನ್ನುವ ಲೆಕ್ಕ ಅದು. ದಿನದ ಓಡಾಟಕ್ಕೆ 10,000 ಸಾಕು. ಭಾರದ ಚೀಲ ಹೊತ್ತು ಗಂಟೆಗಟ್ಟಲೆ ಮಳೆಯಲ್ಲಿ ನಡೆಯುವವರು 20,000ದ ಹತ್ತಿರದ್ದು ನೋಡಲಿ. ಚೀಲದ ಪಟ್ಟಿ ಭುಜದ ಮೇಲೆ ಒತ್ತುವಾಗ ನೀರೂ ಅಷ್ಟೇ ಜೋರಾಗಿ ಒಳಕ್ಕೆ ಒತ್ತಲ್ಪಡುತ್ತದೆ. ಇನ್ನು ಗೋರ್-ಟೆಕ್ಸ್, ಅಂದರೆ ನೀರು ತಡೆಯಲು ಜಾಕೆಟ್ ಬಟ್ಟೆಗೆ ಅಂಟಿಸುವ ಹೆಸರಾದ ತೆಳು ಪೊರೆ. ಅದು ಹುಟ್ಟಿದ್ದು ಹೀಗೆ. 1969ರಲ್ಲಿ ಬಾಬ್ ಗೋರ್ ಬಿಸಿ ಮಾಡಿದ ಟೆಫ್ಲಾನ್ ಕಡ್ಡಿಯನ್ನು ಜೋರಾಗಿ ಎಳೆದಾಗ ಅದು ತುಂಡಾಗದೆ ಹಿಗ್ಗಿ, ಮೈಯೆಲ್ಲಾ ಕಣ್ಣಿಗೆ ಕಾಣದ ತೂತು ಮೂಡಿದವು. ಮಳೆಹನಿ ಒಳಗೆ ತೂರಲಾಗದಷ್ಟು, ಬೆವರಿನ ಆವಿ ಮಾತ್ರ ಹೊರಗೆ ಹೋಗುವಷ್ಟು ಸಣ್ಣ ತೂತು. ಒಳ್ಳೆಯ ವಸ್ತು, ನಿಜ. ಹಾಗಂತ ಆ ಹೆಸರೊಂದನ್ನೇ ನೋಡಿ ದುಡ್ಡು ಕೊಡಬೇಕಿಲ್ಲ. ಬೇರೆ ಕಂಪನಿಗಳ ಪೊರೆಯೂ ನಿತ್ಯದ ಬಳಕೆಗೆ ಚೆನ್ನಾಗಿಯೇ ಇರುತ್ತದೆ.

ಈಗ ಚಳಿಯ ಮಾತು. ಪರದೇಶದ ನನ್ನ ಮೊದಲ ಚಳಿಗಾಲದಲ್ಲಿ ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಕ್ಕಿತೆಂದು ಹಕ್ಕಿ ತುಪ್ಪುಳದ, ಅಂದರೆ ಡೌನ್ ಜಾಕೆಟ್ ಕೊಂಡೆ. ಹಗುರ, ಬೆಚ್ಚಗೆ, ಹಾಕಿಕೊಂಡರೆ ತೆಗೆಯಲು ಮನಸ್ಸಾಗುತ್ತಿರಲಿಲ್ಲ. ಆದರೆ ಆ ಊರಿನ ಚಳಿಗಾಲ ಒಣ ಹಿಮದ್ದಲ್ಲ. ಎರಡು ಮೂರು ಡಿಗ್ರಿ, ಜೊತೆಗೆ ದಿನವಿಡೀ ಜಿನುಗು ಮಳೆ. ಒಂದು ಮಧ್ಯಾಹ್ನ ಮುಕ್ಕಾಲು ಗಂಟೆ ನಡೆದು ಬಂದಾಗ ತೋಳಿನಲ್ಲಿ ತುಪ್ಪುಳ ತುಂಬಲು ಹೊಲಿದ ಒಂದೊಂದು ಗೂಡಿನಲ್ಲೂ ತುಪ್ಪುಳ ಗಂಟುಗಂಟಾಗಿ ಮೂಲೆ ಸೇರಿತ್ತು. ಉಳಿದ ಕಡೆ ಎರಡು ಪದರ ಬಟ್ಟೆ ಬಿಟ್ಟರೆ ಬೇರೇನೂ ಇರಲಿಲ್ಲ. ಬೆಚ್ಚಗಿಡುವುದು ತುಪ್ಪುಳ ಹಿಡಿದಿಟ್ಟ ಗಾಳಿ. ಒದ್ದೆಯಾದ ತುಪ್ಪುಳ ಗಾಳಿ ಹಿಡಿಯುವುದಿಲ್ಲ.

ಹಾಗಾಗಿ ಮೊದಲು ನಿಮ್ಮ ಊರಿನ ಚಳಿ ಒಣಚಳಿಯೋ, ಒದ್ದೆ ಚಳಿಯೋ ಎಂದು ಅಲ್ಲೇ ನಾಲ್ಕಾರು ವರ್ಷ ಇದ್ದವರನ್ನು ಕೇಳಿ. ಒಣಚಳಿಗೆ ಡೌನ್‌ಗಿಂತ ಒಳ್ಳೆಯದಿಲ್ಲ. ಒದ್ದೆ ಚಳಿಗೆ ಸಿಂಥೆಟಿಕ್ ನಾರು ತುಂಬಿದ ಜಾಕೆಟ್, ಇಲ್ಲವೇ ಫ್ಲೀಸ್ (ಪಾಲಿಯೆಸ್ಟರಿನ ಮೆತ್ತನೆಯ ಬೆಚ್ಚನೆ ಬಟ್ಟೆ) ಮತ್ತು ಅದರ ಮೇಲೊಂದು ಮಳೆ ಜಾಕೆಟ್. ಡೌನೇ ಬೇಕೆಂದರೆ ಚೀಟಿಯಲ್ಲಿ 600, 800 ಎಂಬ ‘ಫಿಲ್ ಪವರ್’ ನೋಡಿ. ಒಂದು ಔನ್ಸ್ ತುಪ್ಪುಳ ಎಷ್ಟು ಘನ ಇಂಚು ಜಾಗಕ್ಕೆ ಅರಳುತ್ತದೆ ಅನ್ನುವ ಅಳತೆ ಅದು. ಅಂಕಿ ದೊಡ್ಡದಿದ್ದಷ್ಟೂ ಕಡಿಮೆ ತೂಕಕ್ಕೆ ಜಾಸ್ತಿ ಬಿಸಿ. ಆದರೆ ಒಳಗೆ ಎಷ್ಟು ಗ್ರಾಂ ತುಂಬಿದ್ದಾರೆ ಅನ್ನುವುದನ್ನು ಆ ಅಂಕಿ ಹೇಳುವುದಿಲ್ಲ. 800ರ ಜಾಕೆಟ್ಟಿಗೆ ಸ್ವಲ್ಪವೇ ತುಪ್ಪುಳ ಹಾಕಿದ್ದರೆ, ಚೆನ್ನಾಗಿ ತುಂಬಿದ 600ರ ಜಾಕೆಟ್ಟೇ ಬೆಚ್ಚಗಿರುತ್ತದೆ.

ದುಡ್ಡು ಉಳಿಸಲು ಒಳ್ಳೆಯ ಜಾಗ ಫ್ಲೀಸ್. ಅದಕ್ಕೆ ಪೊರೆ ಇಲ್ಲ, ಟೇಪ್ ಇಲ್ಲ, ಕೆಡುವಂಥದ್ದು ಕಡಿಮೆ. ಒದ್ದೆಯಾದರೂ ಬೇಗ ಒಣಗುತ್ತದೆ. ಅಲ್ಲಿ ಸಿಗುವ ಅತಿ ಅಗ್ಗದ್ದನ್ನೇ ಧೈರ್ಯವಾಗಿ ತಗೊಳ್ಳಿ, ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ. ಮೈಗೆ ತಾಗುವ ಬನಿಯನ್ ಮಾತ್ರ ಹತ್ತಿಯದ್ದು ಬೇಡ. ಹತ್ತಿ ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ. ನಡೆಯುವುದು ನಿಲ್ಲಿಸಿದ ಹೊತ್ತಿಗೆ ಆ ತಣ್ಣನೆ ಬೆನ್ನಿಗೆ ಹತ್ತುತ್ತದೆ. ಪಾಲಿಯೆಸ್ಟರ್ ಅಥವಾ ಮೆರಿನೋ ಉಣ್ಣೆ ಇರಲಿ.

ಔಟ್‌ಲೆಟ್ ಬಗ್ಗೆ ಒಂದು ಎಚ್ಚರಿಕೆ. ಅಲ್ಲಿರುವುದೆಲ್ಲಾ ದೊಡ್ಡ ಅಂಗಡಿಯಲ್ಲಿ ಮಾರದೆ ಉಳಿದ ಮಾಲಲ್ಲ. ಔಟ್‌ಲೆಟ್‌ಗೆಂದೇ ಕಡಿಮೆ ಖರ್ಚಿನಲ್ಲಿ ಹೊಲಿಸಿದ ಬಟ್ಟೆಯೂ ಇರುತ್ತದೆ. ಅಂಥದ್ದರ ಮೇಲೆ ಗೆರೆ ಹೊಡೆದು ಬರೆದ ‘ಹಳೇ ಬೆಲೆ’ ನಂಬುವಂಥದ್ದಲ್ಲ. ಮಾದರಿಯ ಹೆಸರನ್ನು ಫೋನಿನಲ್ಲಿ ಹುಡುಕಿ. ಔಟ್‌ಲೆಟ್ ಬಿಟ್ಟು ಬೇರೆಲ್ಲೂ ಅದರ ಸುಳಿವೇ ಇಲ್ಲದಿದ್ದರೆ ಅನುಮಾನಪಡಿ.

ಎರಡು ದಿನ ಇದೆಯಲ್ಲ, ಶನಿವಾರ ಸುಮ್ನೆ ನೋಡಿ ಬನ್ನಿ. ಚೀಟಿಗಳ ಫೋಟೋ ತೆಗೆದುಕೊಳ್ಳಿ. ಭಾನುವಾರ ಮನೆಯಿಂದಲೇ ಫ್ಲೀಸ್ ಹಾಕಿಕೊಂಡು ಹೋಗಿ, ಅದರ ಮೇಲೇ ಜಾಕೆಟ್ ಹಾಕಿ ನೋಡಿ. ಬೇರೆ ದೇಶದ ‘ಮೀಡಿಯಂ’ ನಮ್ಮ ಮೈಗೆ ಮೀಡಿಯಂ ಆಗಿಯೇ ಇರಬೇಕೆಂದಿಲ್ಲ, ಅಕ್ಷರ ನೋಡಿ ಕೊಳ್ಳಬೇಡಿ. ಎರಡೂ ಕೈ ಮೇಲೆತ್ತಿ, ಸೊಂಟ ಬಯಲಾಗುತ್ತದಾ? ಟೋಪಿ ಹಾಕಿ ಕತ್ತು ತಿರುಗಿಸಿ, ಟೋಪಿಯೂ ಜೊತೆಗೆ ತಿರುಗುತ್ತದಾ, ಇಲ್ಲ ಕಣ್ಣು ಮುಚ್ಚುತ್ತದಾ? ಕೈಗವಸು ಹಾಕಿ ಜಿಪ್ ಹತ್ತು ಸಲ ಎಳೆಯಿರಿ. ಬೂಟ್ ಕೊಳ್ಳುವುದಿದ್ದರೆ ದಪ್ಪ ಕಾಲುಚೀಲ ಹಾಕಿ, ಕಾಲು ಸ್ವಲ್ಪ ಊದಿರುವ ಸಂಜೆ ಹೊತ್ತಿಗೆ ನೋಡಿ.

ದುಡ್ಡು ಕೊಡುವ ಮೊದಲು, ರಿಯಾಯಿತಿ ಮಾಲು ವಾಪಸ್ ತಗೊಳ್ತೀರಾ, ಎಷ್ಟು ದಿನದೊಳಗೆ ಎಂದು ಕೇಳಿ, ಬಿಲ್ಲಿನಲ್ಲೂ ಓದಿಕೊಳ್ಳಿ. ಮನೆಗೆ ತಂದ ಮೇಲೆ ಚೀಟಿ ಕೀಳಬೇಡಿ. ಮಾರನೇ ದಿನ ಹಗಲು ಬೆಳಕಿನಲ್ಲಿ, ಕಿಟಕಿ ಹತ್ತಿರ ನಿಂತು, ಆ ಹೊಲಿಗೆಗಳನ್ನೆಲ್ಲಾ ಇನ್ನೊಂದು ಸಲ ನೋಡಿ.