ಯರಮರಸ್: ಜಾಗ ಇದೆ, ರನ್‌ವೇ ಯಾಕಿಲ್ಲ?

ರಾಯಚೂರಿನಲ್ಲಿ ವಿಮಾನ ನಿಲ್ದಾಣದ ಮಾತು ಬಂದಾಗಲೆಲ್ಲ ಕೇಳಿಬರುವ ಪ್ರಶ್ನೆ ಒಂದೇ: ಊರ ಪಕ್ಕದ ಯರಮರಸ್‌ನಲ್ಲಿ ಎರಡನೇ ಮಹಾಯುದ್ಧದ ಕಾಲದ ಏರ್‌ಸ್ಟ್ರಿಪ್ ಇದೆಯಲ್ಲ, ಅದಕ್ಕೇ ಡಾಂಬರು ಹಾಕಿದರೆ ಆಗದೇ? ಆಗದು. ಯುದ್ಧಕಾಲ ನಮಗೆ ಬಿಟ್ಟುಹೋಗಿದ್ದು ಜಾಗವನ್ನು ಮಾತ್ರ.

ಹಿಂದೆ ವಿಮಾನಕ್ಕೆ ಬೇಕಿದ್ದುದೇ ಕಡಿಮೆ. 1932ರ ಅಕ್ಟೋಬರ್‌ನಲ್ಲಿ ಟಾಟಾ ಅಂಚೆ ವಿಮಾನ ಕರಾಚಿಯಿಂದ ಮದ್ರಾಸಿಗೆ ಹೊರಟಾಗ ಮುಂಬೈ ದಾಟಿದ ಮೇಲಿನ ತಂಗುದಾಣ ನೆರೆಯ ಬಳ್ಳಾರಿ. ಆ ಪುಟ್ಟ ಪುಸ್ ಮಾತ್ ವಿಮಾನಕ್ಕೆ ಗಟ್ಟಿ ಬಯಲಿದ್ದರೆ ಸಾಕಿತ್ತು. ಯುದ್ಧ ಬಂತು, ಹೋಯಿತು. 1948ರಲ್ಲಿ ಹೈದರಾಬಾದ್ ಸಂಸ್ಥಾನ ವಿಲೀನವಾಯಿತು, 1956ರಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ಆಮೇಲಿನ ದಶಕಗಳಲ್ಲಿ ಯರಮರಸ್ ನೆನಪಾಗುತ್ತಿದ್ದುದು ಹೆಚ್ಚಾಗಿ ಚುನಾವಣೆ ಹತ್ತಿರ ಬಂದಾಗ.

ಇನ್ನು ಲೆಕ್ಕಕ್ಕೆ ಬರೋಣ. ಸಣ್ಣ ಊರುಗಳಿಗೆ ವಿಮಾನ ತಲುಪಿಸುವ ಕೇಂದ್ರದ ಉಡಾನ್ ಯೋಜನೆಯ ಮಾರ್ಗಗಳಲ್ಲಿ ಹಾರುವ ಪ್ರೊಪೆಲರ್ ವಿಮಾನ ಎಟಿಆರ್-72ಕ್ಕೆ ಸಮುದ್ರಮಟ್ಟದಲ್ಲಿ, 15 ಡಿಗ್ರಿ ತಾಪದಲ್ಲಿ, ಪೂರ್ತಿ ಭಾರ ಹೊತ್ತು ಏರಲು ಸುಮಾರು 1,300 ಮೀಟರ್ ಬೇಕು. ಪ್ರತಿ 300 ಮೀಟರ್ ಎತ್ತರಕ್ಕೆ ಶೇ 7 ಸೇರಿಸಬೇಕು. ರಾಯಚೂರು ಸುಮಾರು 400 ಮೀಟರ್ ಎತ್ತರದಲ್ಲಿದೆ, ಹಾಗಾಗಿ ಶೇ 9ರಷ್ಟು ಹೆಚ್ಚು, ಅಲ್ಲಿಗೆ 1,420. ಆಮೇಲೆ ಬಿಸಿಲು. ಆ ಎತ್ತರಕ್ಕೆ ಲೆಕ್ಕದಲ್ಲಿ ಹಿಡಿಯುವ ಪ್ರಮಾಣಿತ ತಾಪ 12 ಡಿಗ್ರಿ ಚಿಲ್ಲರೆ. ನಮ್ಮ ಮೇ ತಿಂಗಳ ಮಧ್ಯಾಹ್ನವನ್ನು 40 ಎಂದಿಟ್ಟುಕೊಂಡರೆ ಹೆಚ್ಚಿನ ಪ್ರತಿ ಡಿಗ್ರಿಗೆ ಶೇ 1ರಂತೆ ಇನ್ನೂ ಶೇ 28. ಒಟ್ಟು 1,800 ಮೀಟರ್ ದಾಟಿತು. ಎರಡೂ ಸೇರಿ ಹೆಚ್ಚಳ ಶೇ 35 ಮೀರಿದರೆ ಈ ಸೂತ್ರವೂ ಸಾಲದು, ಪ್ರತ್ಯೇಕ ಅಧ್ಯಯನ ಮಾಡಿಸಬೇಕು. ಇಲ್ಲಿ ಮೀರುತ್ತದೆ. ರನ್‌ವೇ ಗಿಡ್ಡವಾದರೆ ವಿಮಾನ ಬರುವುದಿಲ್ಲ ಎಂದಲ್ಲ. ಬೇಸಿಗೆಯಲ್ಲಿ ಸೀಟು ಖಾಲಿ ಬಿಟ್ಟು ಹಾರಬೇಕು, ಆಗ ಕಂಪನಿಗೆ ಗಿಟ್ಟುವುದಿಲ್ಲ.

ಅಗಲವೂ ಬೇಕು. ರನ್‌ವೇ ನಡುಗೆರೆಯ ಎರಡೂ ಬದಿಗೆ 140 ಮೀಟರ್, ಎರಡೂ ತುದಿಗೆ 60 ಮೀಟರ್ ಪಟ್ಟಿ, ಅದರಾಚೆ ಸುರಕ್ಷತೆಗೆ 240 ಮೀಟರ್. ಬರೀ ಇಷ್ಟಕ್ಕೇ 170 ಎಕರೆ ಹೋಗುತ್ತದೆ. ಯರಮರಸ್‌ನ ಸುಮಾರು 400 ಎಕರೆ ಕೇಳಲು ದೊಡ್ಡದು, ಆದರೆ ಟರ್ಮಿನಲ್, ವಿಮಾನ ನಿಲ್ಲಿಸುವ ಅಂಗಳ (ಏಪ್ರನ್), ರಸ್ತೆ ಎಲ್ಲ ಕೂಡಿದರೆ ತೀರಾ ಸಡಿಲವೇನಲ್ಲ.

ನೆಲದ್ದು ಬೇರೆ ಕಥೆ. ರಾಯಚೂರು ಸೀಮೆಯ ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರುಕು ಬಿಡುತ್ತದೆ. ಯುದ್ಧಕಾಲದ ಸಾಗಣೆ ವಿಮಾನ ಡಕೋಟಾ ಪೂರ್ತಿ ತುಂಬಿದರೂ 12ರಿಂದ 14 ಟನ್, ಟೈರಿನ ಗಾಳಿಯ ಒತ್ತಡವೂ ಕಡಿಮೆ. ಎಟಿಆರ್ 23 ಟನ್, ಒತ್ತಡ ಎರಡು ಪಟ್ಟಿಗೂ ಹೆಚ್ಚು. ಎರೆಮಣ್ಣು ಸಿಕ್ಕ ಕಡೆ ಅದನ್ನು ತೆಗೆದು ಮರಂ (ಗರಸು ಮಣ್ಣು) ತುಂಬಿ, ಪದರ ಪದರವಾಗಿ ನೀರು ಹಾಕಿ ರೋಲರ್ ಹೊಡೆಯಬೇಕು, ಇಲ್ಲವೇ ಸುಣ್ಣ ಬೆರೆಸಿ ಪಳಗಿಸಬೇಕು. ಬದಿಚರಂಡಿ ಮಾಡದೆ ಬಿಟ್ಟರೆ ಎರಡೇ ಮಳೆಗಾಲಕ್ಕೆ ಅಂಚು ಕುಸಿಯುತ್ತದೆ. ಹಳೆಯ ಪಟ್ಟಿಯ ಮೇಲೆ ಡಾಂಬರು ಬಳಿಯುವುದರಿಂದ ಇದ್ಯಾವುದೂ ತಪ್ಪುವುದಿಲ್ಲ.

ನಿಜವಾದ ಗಂಟು ಮೇಲಿದೆ. ನೆಲ ಹಾಗೇ ಬಿದ್ದಿರುವಾಗ ಸುತ್ತಲಿನ ಆಕಾಶ ತುಂಬುತ್ತಾ ಬಂತು. ರನ್‌ವೇ ಸುತ್ತ 4 ಕಿ.ಮೀ.ವರೆಗೆ 45 ಮೀಟರ್ ದಾಟಿದ್ದೆಲ್ಲ ಅಡಚಣೆಯ ಪಟ್ಟಿಗೆ ಸೇರುತ್ತದೆ. ಇಳಿಯುವ ದಾರಿಯಲ್ಲಿ ಮೊದಲ 3 ಕಿ.ಮೀ. ಮುಗಿಯುವಲ್ಲಿ ಕಟ್ಟಲು ಬಿಡುವ ಎತ್ತರ ಬರೀ 60 ಮೀಟರ್, ಮುಂದೆ 15 ಕಿ.ಮೀ.ವರೆಗೂ 150ನ್ನು ಮೀರುವುದಿಲ್ಲ. ಯರಮರಸ್ ಹೆಸರಿನದೇ ಉಷ್ಣ ವಿದ್ಯುತ್ ಸ್ಥಾವರದಲ್ಲಿ 800 ಮೆಗಾವ್ಯಾಟ್‌ನ ಎರಡು ಘಟಕಗಳಿವೆ. ಆ ಗಾತ್ರದ ಘಟಕಕ್ಕೆ ಆಗಿನ ನಿಯಮ ಕೇಳುತ್ತಿದ್ದುದು 275 ಮೀಟರ್ ಚಿಮಣಿ. ಇಂಥ ಎತ್ತರವನ್ನು ತಪ್ಪಿಸಿ ಇಳಿಯುವ ದಾರಿ ಹುಡುಕಬೇಕು, ಹಾಗಾಗಿ ರನ್‌ವೇ ಯಾವ ದಿಕ್ಕಿಗೆ ಎಂಬುದನ್ನು ಗಾಳಿಯೊಂದೇ ತೀರ್ಮಾನಿಸುವ ಕಾಲ ಮುಗಿಯಿತು.

ಅಷ್ಟರಲ್ಲಿ ಕಲಬುರಗಿಯಲ್ಲಿ 2019ಕ್ಕೆ, ಬೀದರಿನಲ್ಲಿ 2020ಕ್ಕೆ, ಕರ್ನೂಲಿನಲ್ಲಿ 2021ಕ್ಕೆ ವಿಮಾನ ಇಳಿಯಿತು. ಕರ್ನೂಲು ನಿಲ್ದಾಣ ಯರಮರಸ್‌ನಿಂದ ನೇರ ಗೆರೆಯಲ್ಲಿ ಸುಮಾರು 100 ಕಿ.ಮೀ. ಈಗಾಗಲೇ ಇರುವ ನಿಲ್ದಾಣದಿಂದ 150 ಕಿ.ಮೀ. ಒಳಗೆ ಹೊಸದು ಬೇಕೆಂದರೆ ಕೇಂದ್ರ ಪ್ರತ್ಯೇಕವಾಗಿ ಪರಿಶೀಲಿಸುತ್ತದೆ. ತಡ ಮಾಡಿದ್ದಕ್ಕೆ ಇನ್ನೊಂದು ಕಡತ ತೆರೆದಂತಾಯಿತು.

ಸುತ್ತಮುತ್ತ ಮನೆ ಕಟ್ಟುವವರು ಗಮನಿಸಬೇಕಾದ್ದು: ಕಟ್ಟಡದ ಎತ್ತರಕ್ಕೆ ಕೊಡುವ ನಿರಾಕ್ಷೇಪಣಾ ಪತ್ರದಲ್ಲಿ (ಎನ್‌ಒಸಿ) ಬರೆಯುವ ಅಂಕಿ ಸಮುದ್ರಮಟ್ಟದಿಂದ ಲೆಕ್ಕ. ನೆಲ 400 ಮೀಟರ್‌ನಲ್ಲಿದ್ದು ಪತ್ರದಲ್ಲಿ 430 ಎಂದಿದ್ದರೆ ಕಟ್ಟಬಹುದಾದ್ದು 30 ಮೀಟರ್, ನೀರಿನ ಟ್ಯಾಂಕೂ ಸೇರಿ.