ಬಿಗ್ ಬೀಟ್: ಜೋರು ಸದ್ದಿಗೆಲ್ಲ ಈ ಹೆಸರಲ್ಲ

ಪಾರ್ಟಿ ಪೋಸ್ಟರ್‌ಗಳಲ್ಲಿ, ಪ್ಲೇಲಿಸ್ಟ್‌ಗಳ ತಲೆಬರಹದಲ್ಲಿ ‘ಬಿಗ್ ಬೀಟ್’ ಅಂದರೆ ಎದೆ ನಡುಗಿಸುವ ಬೇಸ್ ಇರುವ ಯಾವುದೇ ಡಾನ್ಸ್ ಮ್ಯೂಸಿಕ್ ಎಂಬಂತಾಗಿದೆ. ಅಮೆರಿಕದ ಡಿಜೆ ಸ್ಕ್ರಿಲೆಕ್ಸ್‌ಗೂ ಇದೇ ಹಣೆಪಟ್ಟಿ ಅಂಟಿಸಿದ್ದನ್ನು ನೋಡಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಬಿಗ್ ಬೀಟ್ ವಾಲ್ಯೂಮಿನ ಅಳತೆಯಲ್ಲ. ಅದು 90ರ ದಶಕದ ಇಂಗ್ಲೆಂಡಿನಲ್ಲಿ, ಒಂದು ಬಗೆಯ ಡ್ರಮ್ ನಡೆಯ ಸುತ್ತ ಬೆಳೆದ ಶೈಲಿ.

ಸ್ಕ್ರಿಲೆಕ್ಸ್ ಗೊಂದಲ ಎಲ್ಲಿಂದ ಬಂತೆಂದು ಊಹಿಸುವುದು ಕಷ್ಟವಲ್ಲ. ಕ್ರೇಗ್ ಕಾಲ್ಮನ್ 1987ರಲ್ಲಿ ನ್ಯೂಯಾರ್ಕಿನಲ್ಲಿ ಶುರು ಮಾಡಿದ ಲೇಬಲ್ಲಿನ, ಅಂದರೆ ರೆಕಾರ್ಡ್ ಕಂಪನಿಯ, ಹೆಸರು ಬಿಗ್ ಬೀಟ್ ರೆಕಾರ್ಡ್ಸ್. ಮುಂದೆ ಅದು ಅಟ್ಲಾಂಟಿಕ್ ಕಂಪನಿಯ ತೆಕ್ಕೆಗೆ ಹೋಯಿತು. ಸ್ಕ್ರಿಲೆಕ್ಸ್ ರೆಕಾರ್ಡುಗಳ ಮೇಲೆ ಇರುವುದು ಈ ಲೇಬಲ್ಲಿನ ಹೆಸರು, ಒಳಗಿರುವುದು ಡಬ್‌ಸ್ಟೆಪ್ ಎಂಬ ಬೇರೆಯೇ ಶೈಲಿ. ಮುದ್ರೆಯನ್ನು ನೋಡಿ ಸಂಗೀತದ ಜಾತಿ ಹೇಳುವುದು ತಪ್ಪು.

ಹೆಸರು ಮಾತ್ರ ಈ ಎರಡಕ್ಕಿಂತಲೂ ಹಳೆಯದು. 1957ರಲ್ಲಿ ಅಮೆರಿಕದ ಡಿಜೆ ಅಲನ್ ಫ್ರೀಡ್ ನಡೆಸಿಕೊಟ್ಟ ರಾಕ್ ಅಂಡ್ ರೋಲ್ ಟಿವಿ ಕಾರ್ಯಕ್ರಮದ ಹೆಸರೇ ‘ದಿ ಬಿಗ್ ಬೀಟ್’. ಕಪ್ಪು ಹುಡುಗ ಫ್ರಾಂಕಿ ಲೈಮನ್ ಅದರಲ್ಲಿ ಬಿಳಿ ಹುಡುಗಿಯೊಬ್ಬಳ ಜೊತೆ ಕುಣಿದದ್ದೇ ದೊಡ್ಡ ರಾದ್ಧಾಂತವಾಗಿ ಕಾರ್ಯಕ್ರಮ ನಿಂತುಹೋಯಿತು. ಅತ್ತ ಕಮ್ಯುನಿಸ್ಟ್ ಪೋಲೆಂಡಿನಲ್ಲಿ ‘ರಾಕ್ ಅಂಡ್ ರೋಲ್’ ಎಂಬ ಮಾತು ಆಳುವವರ ಕಣ್ಣು ಕೆಂಪಾಗಿಸುತ್ತಿತ್ತು. ಅಲ್ಲಿನ ಸಂಘಟಕ ಫ್ರಾನ್ಸಿಶೆಕ್ ವಾಲಿತ್ಸ್ಕಿ ಅದರ ಬದಲಿಗೆ ‘ಬಿಗ್ ಬೀಟ್’ ಎಂಬ ಹೆಸರನ್ನು ಚಾಲ್ತಿಗೆ ತಂದರು. ಚೆಕ್ ಭಾಷೆಯಲ್ಲೂ ‘ಬಿಗ್‌ಬೀಟ್’ ಅಂದರೆ 60ರ ದಶಕದ ಗಿಟಾರ್ ರಾಕ್. ಹಾಗಾಗಿ ಪ್ರಾಗ್‌ನ ಹಿರಿಯರೊಬ್ಬರು ಈ ಪದ ಬಳಸಿದರೆ ಅವರ ಮನಸ್ಸಿನಲ್ಲಿರುವುದು ಸಿಂಥಸೈಜರ್ ಆಗಿರಲಾರದು.

ನಾವು ಈಗ ಬಳಸುವ ಅರ್ಥ ಗಟ್ಟಿಯಾದದ್ದು ಇಂಗ್ಲೆಂಡಿನ ಬ್ರೈಟನ್‌ನಲ್ಲಿ. ಸ್ಕಿಂಟ್ ರೆಕಾರ್ಡ್ಸ್ ಲೇಬಲ್ಲಿನ ಬಳಗದವರು 1995ರ ಸುಮಾರಿಗೆ ಅಲ್ಲಿ ಬಿಗ್ ಬೀಟ್ ಬುಟೀಕ್ ಎಂಬ ಕ್ಲಬ್ ರಾತ್ರಿ ಶುರು ಮಾಡಿದರು. ಫ್ಯಾಟ್‌ಬಾಯ್ ಸ್ಲಿಮ್ ಎಂದು ಹೆಸರಾದ ನಾರ್ಮನ್ ಕುಕ್ ಅಲ್ಲಿನ ಕಾಯಂ ಡಿಜೆ. ಕ್ಲಬ್ಬಿನ ಹೆಸರೇ ಶೈಲಿಗೂ ಅಂಟಿಕೊಂಡಿತು. ಅದಕ್ಕೆ ತುಸು ಮೊದಲೇ, 1994ರಲ್ಲಿ, ಲಂಡನ್ನಿನ ಆಲ್ಬನಿ ಪಬ್ಬಿನ ನೆಲಮಾಳಿಗೆಯಲ್ಲಿ ಭಾನುವಾರ ಭಾನುವಾರ ಇದೇ ಬಗೆಯ ಸಂಗೀತ ನುಡಿಸುತ್ತಿದ್ದ ಇಬ್ಬರಿದ್ದರು: ಟಾಮ್ ರೋಲಂಡ್ಸ್ ಮತ್ತು ಎಡ್ ಸೈಮನ್ಸ್. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದುವಾಗ ಜೊತೆಯಾದವರು. ಅಮೆರಿಕದ ಸಂಗೀತ ನಿರ್ಮಾಪಕ ಜೋಡಿ ಡಸ್ಟ್ ಬ್ರದರ್ಸ್ ಹೆಸರನ್ನೇ ಇಟ್ಟುಕೊಂಡು, ಆ ಮೂಲ ಜೋಡಿಯ ತಕರಾರು ಬಂದ ಮೇಲೆ 1995ರಲ್ಲಿ ಕೆಮಿಕಲ್ ಬ್ರದರ್ಸ್ ಆದರು.

ಇನ್ನು ನನಗೆ ನಿಜಕ್ಕೂ ಮುಖ್ಯವಾದ ಮಾತು: ಬಿಗ್ ಬೀಟನ್ನು ‘ಬಿಗ್ ರೂಮ್’ ಜೊತೆ ಕಲಸುವುದು. ಬಿಗ್ ರೂಮ್ ಹೌಸ್ 2010ರ ನಂತರದ ಫೆಸ್ಟಿವಲ್ ಸಂಗೀತ. ಅದರಲ್ಲಿ ಕಿಕ್, ಅಂದರೆ ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್, ಪ್ರತಿ ಎಣಿಕೆಗೂ ಬೀಳುತ್ತದೆ: ಧಂ, ಧಂ, ಧಂ, ಧಂ. ಬಿಗ್ ಬೀಟ್ ಹಾಗೆ ನಡೆಯುವುದಿಲ್ಲ. ಅದರ ಬೆನ್ನೆಲುಬು ಬ್ರೇಕ್‌ಬೀಟ್, ಅಂದರೆ ಹಳೆಯ ಫಂಕ್ ರೆಕಾರ್ಡುಗಳಲ್ಲಿ ಉಳಿದ ವಾದ್ಯಗಳೆಲ್ಲ ಸುಮ್ಮನಾಗಿ ಡ್ರಮ್ ಒಂದೇ ನುಡಿಯುವ ತುಣುಕು. ಜೇಮ್ಸ್ ಬ್ರೌನ್‌ನ 1970ರ ‘ಫಂಕಿ ಡ್ರಮ್ಮರ್’ನಲ್ಲಿ ಕ್ಲೈಡ್ ಸ್ಟಬಲ್‌ಫೀಲ್ಡ್ ನುಡಿಸಿದ್ದು ಇಂಥದ್ದೇ. ಇಲ್ಲಿ ಧಂ, ಟಕ್, ಧಧಂ, ಟಕ್ ಎಂದು ಕಿಕ್ ಎಣಿಕೆಯ ನಡುವೆ ಜಾರುತ್ತದೆ, ತಡವರಿಸುತ್ತದೆ, ಮತ್ತೆ ಸೇರಿಕೊಳ್ಳುತ್ತದೆ. ಈ ಸೊಂಟ ತಿರುಗಿಸುವ ಲಯವನ್ನು ಸ್ಯಾಂಪ್ಲರಿಗೆ (ಸದ್ದಿನ ತುಣುಕುಗಳನ್ನು ಹಿಡಿದಿಟ್ಟು ಮತ್ತೆ ನುಡಿಸುವ ಯಂತ್ರ) ಹಾಕಿ, ಸದ್ದು ಒಡೆಯುವಷ್ಟು ಡಿಸ್ಟಾರ್ಷನ್ ಕೊಟ್ಟು, ನಿಮಿಷಕ್ಕೆ 100ರಿಂದ 140 ಬೀಟ್‌ಗಳ ಒಳಗೆ ಓಡಿಸಿದರೆ ಬಿಗ್ ಬೀಟ್. ಅದೇ ಬಗೆಯ ತುಣುಕುಗಳನ್ನು 160ರ ಆಚೆ ಓಡಿಸಿದರೆ ಜಂಗಲ್ ಎಂಬ ಇನ್ನೊಂದು ಶೈಲಿ ಆಗುತ್ತದೆ.

ಅನುಮಾನವಿದ್ದವರು ಕೆಮಿಕಲ್ ಬ್ರದರ್ಸ್‌ನ 1997ರ ‘ಡಿಗ್ ಯುವರ್ ಓನ್ ಹೋಲ್’ ಆಲ್ಬಮ್ ಹಾಕಿ ಕೇಳಬೇಕು. ಮೊದಲ ಹಾಡು ‘ಬ್ಲಾಕ್ ರಾಕಿನ್ ಬೀಟ್ಸ್’. ಒರಟು ಬೇಸ್ ತುಣುಕೊಂದು ಸುತ್ತಿ ಸುತ್ತಿ ಬರುತ್ತದೆ, ರ‍್ಯಾಪರ್ ಸ್ಕೂಲಿ ಡಿಯ ಹಾಡಿನಿಂದ ಕತ್ತರಿಸಿದ ಒಂದೇ ಸಾಲಿನ ಕೂಗು ಕೇಳುತ್ತದೆ, ಅದರ ಬೆನ್ನಿಗೇ ಡ್ರಮ್ ಮುಗಿಬೀಳುತ್ತದೆ. ಬಿಗ್ ಬೀಟ್ ಏನೆಂದು ಇದಕ್ಕಿಂತ ಚೆನ್ನಾಗಿ ಯಾವ ವ್ಯಾಖ್ಯೆಯೂ ಹೇಳಲಾರದು. ಇದಕ್ಕೆ 1998ರಲ್ಲಿ ಸಿಕ್ಕ ಗ್ರ್ಯಾಮಿ ಡಾನ್ಸ್ ವಿಭಾಗದ್ದಲ್ಲ, ರಾಕ್ ವಾದ್ಯಸಂಗೀತ ವಿಭಾಗದ್ದು. ಹಲವರಿಗೆ ಇದು ವಿಚಿತ್ರವಾಗಿ ಕಂಡಿತು. ನನಗೆ ಸರಿಯಾಗಿಯೇ ಕಾಣುತ್ತದೆ. ರಾಕ್ ಬ್ಯಾಂಡಿನ ರಭಸವನ್ನು ಬ್ಯಾಂಡಿಲ್ಲದೆ ಸಾಧಿಸುವುದೇ ಈ ಶೈಲಿಯ ಹಂಬಲವಾಗಿತ್ತು. ರಾಕ್ ಬ್ಯಾಂಡ್ ಒಯಸಿಸ್‌ನ ನೋಯೆಲ್ ಗ್ಯಾಲಗರ್ ಹಾಡಿದ ‘ಸೆಟ್ಟಿಂಗ್ ಸನ್’ ಇದೇ ಆಲ್ಬಮ್ಮಿನದು. ಬೀಟಲ್ಸ್‌ನ ‘ಟುಮಾರೋ ನೆವರ್ ನೋಸ್’ನ ನೆರಳು ಅದರ ಮೇಲೆ ದಟ್ಟವಾಗಿದೆ.

ಹಾಗೆಂದು ಇಡೀ ಆಲ್ಬಮ್ ಬಿಗ್ ಬೀಟ್ ಅಲ್ಲ. ‘ಇಟ್ ಡಸಂಟ್ ಮ್ಯಾಟರ್’ ನೇರ ನಡೆಯ ಟೆಕ್ನೋ ಕಡೆಯದು. ಬೆತ್ ಆರ್ಟನ್ ಹಾಡಿದ ‘ವೇರ್ ಡು ಐ ಬಿಗಿನ್’ ಬಹುಪಾಲು ಮಂದಗತಿಯ ಹಾಡು. ಶೈಲಿಯನ್ನು ಗುರುತಿಸಬೇಕಾದದ್ದು ಹಾಡು ಹಾಡಿಗೂ ಕಿಕ್ ಎಲ್ಲಿ ಬೀಳುತ್ತದೆಂದು ಕೇಳಿ. 1999ರ ‘ಸರೆಂಡರ್’ ಆಲ್ಬಮ್ಮಿನ ‘ಹೇ ಬಾಯ್ ಹೇ ಗರ್ಲ್’ನಲ್ಲಿ ಅದು ಪ್ರತಿ ಎಣಿಕೆಗೂ ಬೀಳುತ್ತದೆ. ಮಾಡಿದವರು ಅವರೇ ಇಬ್ಬರು, ಸದ್ದು ಅಷ್ಟೇ ಜೋರು. ಆದರೂ ಅದು ಬಿಗ್ ಬೀಟ್ ಅಲ್ಲ.